ನಾವ ಅಂದರೆ ಹೆಸರು, ನಾವ ಅಂದರೆ ದೋಣಿ

ಟೂರ್ ದಂಧೆಗೆ ಇಳಿಯುವ ಹುಡುಗರು ನನ್ನ ಹತ್ತಿರ ಬಂದರೆ ಮೊದಲು ಬಸ್ಸಿನ ಬಗ್ಗೆ ಕೇಳುತ್ತಾರೆ. ಸೀಟು ಹಿಂದಕ್ಕೆ ಬಾಗಬೇಕೋ ಬೇಡವೋ, ಹೋಟೆಲಿನವರ ಹತ್ತಿರ ಎಷ್ಟು ಬಿಡಿಸಿಕೊಳ್ಳಬಹುದು, ಅಡಿಗೆಯವನನ್ನು ಇಲ್ಲಿಂದಲೇ ಒಯ್ಯಬೇಕೋ ಹೇಗೆ. ಅದೆಲ್ಲ ಎರಡು ಸೀಸನ್ನಿನಲ್ಲಿ ಕಲಿಯುತ್ತೀರಿ. ಗಿರಾಕಿ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಅವನೇ ಹೇಳುತ್ತಾನೆ. ಯಾಕೆ ಹೋಗಬೇಕು ಅನ್ನುವುದನ್ನು ಹೇಳುವುದಿಲ್ಲ. ಅದನ್ನು ನೀವು ತೆಗೆಯಬೇಕು. ತೆಗೆದ ಮೇಲೆ ಅದು ನಿಮ್ಮ ಹೊಟ್ಟೆಯಲ್ಲೇ ಉಳಿಯಬೇಕು.

ನಾನು ಭಂಡಾರಕವಠೆಯವನು, ಭೀಮಾ ದಂಡೆಯವನು. ಸೊಲ್ಲಾಪುರಕ್ಕೆ ಬಂದದ್ದು ಸ್ಟೇಷನ್ನಿನಲ್ಲಿ ಚಾದರಿನ ಗಂಟು ಹೊರುವುದಕ್ಕೆ. ಗಂಟು ಇಳಿಸಿ ಬೆವರು ಒರೆಸಿಕೊಳ್ಳುತ್ತ ನಿಂತರೆ ಹಳ್ಳಿಯ ಮಂದಿ ಬಂದು, 'ತಿರುಪತಿ ಗಾಡಿ ಯಾವುದೋ ತಮ್ಮಾ' ಅಂತ ಕೇಳುತ್ತಿದ್ದರು. ಹೇಳಿ ಹೇಳಿ ದಾರಿಗಳೆಲ್ಲ ಬಾಯಿಪಾಠವಾದವು. ಇದನ್ನು ಪುಕ್ಕಟೆ ಯಾಕೆ ಹೇಳಬೇಕು ಅನ್ನಿಸಿತು. ಒಬ್ಬ ಬಸ್ಸಿನ ಮಾಲೀಕರ ಕೈಕೆಳಗೆ ಸೇರಿಕೊಂಡೆ. ಅವರನ್ನು ಎಲ್ಲರೂ ದಾದಾ ಅನ್ನುತ್ತಿದ್ದರು. ಓದು ಬರಹ ಅಷ್ಟಕ್ಕಷ್ಟೇ, ಆದರೆ ಮನುಷ್ಯನ ಮುಖ ನೋಡಿ ಅವನ ಗಂಟಿನ ತೂಕ ಹೇಳುವ ಆಸಾಮಿ. ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ಗಿರಾಕಿ ಬಂದ ಕೂಡ್ಲೆ ಮಾತಾಡಬ್ಯಾಡ. ಮೊದಲ ಚಾ ತರಸು. ಚಾ ಕುಡದಾಂವ ಸುಮ್ಮ ಎದ್ದು ಹೋಗಾಕ ನಾಚತಾನ." ಈ ಒಂದು ಮಾತಿನ ಮೇಲೆ ನಾನು ಮುಂದೆ ಸ್ವಂತ ಅಂಗಡಿ ಹಾಕಿದೆ.

ಎಪ್ಪತ್ತರ ದಶಕ ಅದು. ನಮ್ಮ ಕಡೆ ಬಾವಿಯ ತಳ ಕಾಣುವ ಬೇಸಿಗೆಗಳು. ಹಾಗಾಗಿ ನೀರು ಅಂದರೆ ಮಂದಿಗೆ ಹುಚ್ಚು. ಕಾಶಿ, ರಾಮೇಶ್ವರ ಎಲ್ಲರೂ ಮಾಡುತ್ತಿದ್ದರು. ನಾನು ಲಾಂಚಿನ ಯಾತ್ರೆ ಶುರು ಮಾಡಿದೆ. ನನ್ನ ಹತ್ತಿರ ಎರಡೇ ಇದ್ದವು. ಒಂದು, ರಾಜಮಹೇಂದ್ರಿಯಲ್ಲಿ ಲಾಂಚ್ ಹತ್ತಿ ಗೋದಾವರಿಯ ಮೇಲೆ ಬೆಟ್ಟಗಳ ನಡುವೆ ಭದ್ರಾಚಲದ ಕಡೆಗೆ. ಇನ್ನೊಂದು, ಹೈದರಾಬಾದಿನ ಆಚೆ ನಾಗಾರ್ಜುನಸಾಗರ. ಅಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದಾಗ ಒಂದು ಪುರಾತನ ಕಣಿವೆ ಮುಳುಗಿತು. ಮುಳುಗುವ ಮೊದಲು ಅಲ್ಲಿಯ ಬೌದ್ಧ ಕಾಲದ ಕಂಬ, ಮೂರ್ತಿ, ಕಟ್ಟೆಗಳನ್ನು ಎತ್ತಿ ಗುಡ್ಡದ ತಲೆಗೆ ಒಯ್ದು ಮತ್ತೆ ಜೋಡಿಸಿದರು. ಆ ಗುಡ್ಡ ಈಗ ದ್ವೀಪ. ಅದರ ಹೆಸರು ನಾಗಾರ್ಜುನಕೊಂಡ. ಲಾಂಚಿನಲ್ಲೇ ಹೋಗಬೇಕು.

ಲಾಂಚಿನ ಯಾತ್ರೆ ಆರಿಸುವವರಿಗೆ ನನ್ನ ಸಲಹೆ ಇಂದಿಗೂ ಒಂದೇ. ನಿಮಗೆ ನೀರು ಎಷ್ಟು ಬೇಕು, ಕಲ್ಲು ಎಷ್ಟು ಬೇಕು ಅಂತ ಮೊದಲು ನಿರ್ಧರಿಸಿ. ಗೋದಾವರಿಯಲ್ಲಿ ನೀರು ಹೆಚ್ಚು, ಕಲ್ಲು ಕಡಿಮೆ. ಕೊಂಡದಲ್ಲಿ ಇಳಿದು ನೋಡುವುದೇ ಹೆಚ್ಚು. ದೀಪಾವಳಿಯ ನಂತರ ಹೋಗಿ, ಆಗ ನೀರು ತುಂಬಿರುತ್ತದೆ. ದಂಡೆಯಲ್ಲಿ ಎಷ್ಟು ಹೊತ್ತು ಬಿಡುತ್ತಾರೆ ಅಂತ ಹತ್ತುವ ಮೊದಲೇ ಕೇಳಿ, ಹತ್ತಿದ ಮೇಲೆ ಕೇಳಿದರೆ ಅವರು ಹೇಳಿದ್ದೇ ವೇಳೆ.

ಎಡವಟ್ಟುಗಳೂ ಆದವು. ಲಾಂಚ್ ಹತ್ತುವ ಊರಿಗೆ ವಿಜಯಪುರಿ ಅಂತ ಹೆಸರು. ವಳಸಂಗದ ಒಬ್ಬ ಗೌಡರು ನನ್ನ ಅಂಗಡಿಯ ಬೋರ್ಡು ನೋಡಿ ಜಗಳಕ್ಕೇ ನಿಂತರು: "ವಿಜಾಪುರ ಇಲ್ಲೇ ಐತಿ, ನಮ್ಮ ಮಗಳನ್ನ ಅಲ್ಲೇ ಕೊಟ್ಟೀವಿ. ಹೈದರಾಬಾದ್ ಸುತ್ತಿಸಿ ಒಯ್ತೀರಿ? ನಮಗೇನ್ ಕಣ್ಣಿಲ್ಲೇನು?" ಇನ್ನೊಮ್ಮೆ ಒಂದು ಮರಾಠಿ ಕುಟುಂಬದವರು ಫೋನು ಮಾಡಿ 'ನಾವ ಬದಲಾ' ಅಂದರು. ಮರಾಠಿಯಲ್ಲಿ ನಾವ ಅಂದರೆ ಹೆಸರೂ ಹೌದು, ದೋಣಿಯೂ ಹೌದು. ಅವರಿಗೆ ಬೇಕಾಗಿದ್ದದ್ದು ಬೇರೆ ಲಾಂಚು. ನನ್ನ ಗುಮಾಸ್ತ ಟಿಕೀಟಿನ ಮೇಲೆ ಹೆಸರು ಬದಲಿಸಿಟ್ಟ. ಅಪ್ಪನ ಹೆಸರಿನ ಜಾಗದಲ್ಲಿ ಅಳಿಯನ ಹೆಸರು ಬಂತು. ಸ್ಟೇಷನ್ನಿನಲ್ಲಿ ಮಾವ-ಅಳಿಯ ಇಬ್ಬರೂ ನನ್ನ ಕೊರಳಿಗೆ ಬಿದ್ದರು. ಆಗ ನಕ್ಕಿದ್ದೆವು. ಹೆಸರಿನ ವಿಷಯ ನಗುವ ವಿಷಯವಲ್ಲ ಅಂತ ನನಗೆ ತಿಳಿದದ್ದು ಅಕ್ಕಲಕೋಟೆಯ ಸಾವಕಾರರ ಯಾತ್ರೆಯಲ್ಲಿ.

ಬಸಲಿಂಗಪ್ಪ ಸಾವಕಾರರು ಅಕ್ಕಲಕೋಟೆಯಲ್ಲಿ ಜೋಳ, ತೊಗರಿಯ ವ್ಯಾಪಾರಿ. ಚೌಕಾಸಿಯಲ್ಲಿ ನನಗೆ ಸರಿಸಾಟಿ. ಒಂದು ಮಧ್ಯಾಹ್ನ ಹೆಂಡತಿ ಸುಶೀಲಾಬಾಯಿಯನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ನಾನು ಚಹಾ ತರಿಸಿದೆ. ಅವರು ಕುಡಿಯಲಿಲ್ಲ.

"ನಿಮ್ಮ ಚಾದ ಸುದ್ದಿ ಪ್ಯಾಟಿಗೆಲ್ಲಾ ಗೊತ್ತೈತ್ರಿ ಮಾಲಕರ. ಮಾತು ಮುಗೀಲಿ, ಆಮ್ಯಾಲ ಕುಡೀತೀನಿ."

ಭದ್ರಾಚಲಕ್ಕೆ ಹೋಗುವುದು ಅವರ ಮನಸ್ಸಿನಲ್ಲಿತ್ತು. ನಾನೂ ಅದನ್ನೇ ಹೇಳುತ್ತಿದ್ದೆ. ಅಷ್ಟರಲ್ಲಿ ಸುಶೀಲಾಬಾಯಿ ಸೆರಗು ಸರಿ ಮಾಡಿಕೊಂಡು ಮೆಲ್ಲಗೆ, "ಕೊಂಡಕ್ಕ ಹೋಗೂಣ್ರಿ" ಅಂದಳು.

"ಅಲ್ಲಿ ಏನೈತಿ? ಬುದ್ಧನ ಕಲ್ಲು. ರಾಮದೇವರನ್ನ ಬಿಟ್ಟು ಕಲ್ಲು ನೋಡಾಕ ಹೋಗೂದೇನ?"

"ಹಳೀವು ಅಂತ. ನೋಡಬೇಕನಸೇತಿ."

"ನಮ್ಮ ಮನ್ಯಾಗ ನಾನೂ ಹಳೀವನs ಅದೀನಿ. ನೋಡ್ಕೋತ ಕೂಡ."

ನಾನು ನಕ್ಕೆ. ಆಕೆ ನಗಲಿಲ್ಲ. ಸಾವಕಾರರು ನನ್ನ ಕಡೆ ತಿರುಗಿ, ತಮಗೆ ನೀರಿನ ಅಂಜಿಕೆ ಇದೆ, ಚಿಕ್ಕವರಿದ್ದಾಗ ಭೀಮೆಯಲ್ಲಿ ಮುಳುಗಿ ಬದುಕಿದ್ದು, ದೋಣಿ ಕಂಡರೆ ತಲೆ ತಿರುಗುತ್ತದೆ ಅಂದರು. ಗೋದಾವರಿಯಲ್ಲಿ ಲಾಂಚು ಹತ್ತದೆ ದಾರಿಯಿಲ್ಲ. ಕೊಂಡದಲ್ಲಾದರೆ ಅವರು ದಂಡೆಯ ಚಹಾ ಅಂಗಡಿಯಲ್ಲಿ ಕೂರಬಹುದು, ಬಾಯಿಯವರು ಉಳಿದ ಹೆಂಗಸರೊಂದಿಗೆ ಹೋಗಿ ಬರಬಹುದು. ಹಾಗಂತ ನಾನು ಹೇಳಿದಾಗ ಆಕೆಯ ಮುಖ ನೋಡಿದೆ. ಆಕೆಗೆ ಅದೇ ಬೇಕಾಗಿತ್ತು.

ಸಾವಕಾರರು ಎಲೆಯಡಿಕೆ ತರಲು ಕೆಳಗೆ ಇಳಿದರು. ನಾನು ಕೇಳಿದೆ: "ಬಾಯಿ, ಖರೇ ಹೇಳ್ರಿ. ಅಲ್ಲಿ ಯಾರದಾರ?"

ಆಕೆ ಬಾಗಿಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದಳು. ಆಕೆಯ ತವರು ವಳಸಂಗ. ಅಕ್ಕ ಗಂಗವ್ವ. ಊರಿನಲ್ಲಿ ಸಾಲೆ ಕಟ್ಟಲು ಬಂದಿದ್ದ ತೆಲುಗು ಗೌಂಡಿಯ ಹಿಂದೆ ಅಕ್ಕ ಹೋದಳು. ಅಪ್ಪ, ಹಿರಿ ಮಗಳು ತನ್ನ ಪಾಲಿಗೆ ಸತ್ತಳು ಅಂತ ತಲೆಯ ಮೇಲೆ ನೀರು ಹೊಯ್ದುಕೊಂಡ. ಮುಂದೆ ತಂಗಿಯ ಸಂಬಂಧ ಕುದುರಿಸುವಾಗ ತನಗೆ ಇರುವುದು ಒಬ್ಬಳೇ ಮಗಳು ಅಂತ ಹೇಳಿದ. ಅಕ್ಕಲಕೋಟೆಯ ಮನೆಯವರಿಗೆ ಇಂದಿಗೂ ಅದೇ ಗೊತ್ತು. ಈಗ ಊರಿನ ಯಾರೋ ಗೌಂಡಿ ಅಣೆಕಟ್ಟಿನ ಕೆಲಸದಿಂದ ತಿರುಗಿ ಬಂದವನು, ಗಂಗವ್ವ ವಿಜಯಪುರಿಯ ಗುಡಿಸಲುಗಳಲ್ಲಿ ಇದ್ದಾಳೆ, ನಿನ್ನನ್ನೇ ನೆನೆಯುತ್ತಾಳೆ ಅಂತ ತವರಿಗೆ ಹೋದಾಗ ಕಿವಿಯಲ್ಲಿ ಹೇಳಿದ್ದಾನೆ.

"ಲಾಂಚಿನಾಗ ಆಕಿನೂ ಹತ್ತಲಿ. ಹೋಗಿ ಬರೂತನಾ ಇಬ್ರೂ ಕೂಡಿ ಕೂಡ್ತೀವಿ. ಇವ್ರು ದಂಡಿಮ್ಯಾಲ ಇರ್ತಾರ. ಅಷ್ಟs ಸಾಕು ನನಗ. ಅಣ್ಣಾ ಅಂತೀನಿ, ಇಷ್ಟು ಮಾಡಿಕೊಡ್ರಿ."

ಸೊಲ್ಲಾಪುರದ ಚಾದರನ್ನು ಗುಂಟೂರಿಗೆ ಒಯ್ಯುವ ಲಾರಿಯ ಡ್ರೈವರ್ ಹುಸೇನ್ ನನ್ನ ದೋಸ್ತ. ಅವನ ದಾರಿ ಅದೇ ಅಣೆಕಟ್ಟಿನ ಮೇಲೆ. ಅವನ ಬಾಯಲ್ಲಿ ಹೇಳಿ ಕಳಿಸುತ್ತೇನೆ ಅಂದೆ. "ಸುಶೀಲಾಬಾಯಿ ಬರ್ತಾಳ ಅಂತ ಹೇಳಲೇನು?"

"ಬ್ಯಾಡ್ರಿ. ಸುಶೀಲಾ ಅಂದ್ರ ಆಕಿಗೆ ಗೊತ್ತಾಗಂಗಿಲ್ಲ. ನನ್ನ ಲಗ್ನದಾಗ ಆಕಿ ಇರಲಿಲ್ಲಲ್ಲ. ತುಂಗವ್ವ ಬರ್ತಾಳ ಅನ್ರಿ."

ನಮ್ಮ ಕಡೆಯವರಲ್ಲದ ಓದುಗರಿಗೆ ಒಂದು ಮಾತು. ಸೊಲ್ಲಾಪುರ, ಅಕ್ಕಲಕೋಟೆಯ ಎಷ್ಟೋ ಮನೆಗಳಲ್ಲಿ ಲಗ್ನದ ದಿನ ಹೆಣ್ಣಿನ ಹೆಸರು ಬದಲಾಗುತ್ತದೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡು ತನ್ನ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಎಲ್ಲರೂ ಓದಿ ನಗುತ್ತಾರೆ, ಸಕ್ಕರೆ ಹಂಚುತ್ತಾರೆ. ಅಂದಿನಿಂದ ಹಳೆಯ ಹೆಸರು ತವರಿನ ಹೊಸ್ತಿಲೊಳಗೆ ಉಳಿಯುತ್ತದೆ. ತಾಯಿ-ತಂದೆ ಹೋದ ಮೇಲೆ ಅಲ್ಲಿಯೂ ಉಳಿಯುವುದಿಲ್ಲ.

ಸಾವಕಾರರು ಎಲೆಯಡಿಕೆ ಜಗಿಯುತ್ತ ಬಂದು ಮತ್ತೆ ಚೌಕಾಸಿಗೆ ಕುಳಿತರು. ದಾರಿಯಲ್ಲಿ ಎರಡೂ ಹೊತ್ತು ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಕಿಟಕಿಯ ಪಕ್ಕದ ಸೀಟು ಎಲ್ಲ ಬಿಡಿಸಿಕೊಂಡರು. ನಾನು ಆ ದಿನ ಬೇಗ ಸೋತೆ. ಆರಿದ ಚಹಾ ಕುಡಿಯುತ್ತ ಅವರು, "ಇವತ್ತ ಏನಾಗೇತಿ ನಿಮಗ?" ಅಂತ ಸಂಶಯಪಟ್ಟರು.

ಹೊರಟೆವು. ಹೈದರಾಬಾದಿನವರೆಗೆ ರೈಲು, ಅಲ್ಲಿಂದ ಬಸ್ಸು. ಗುಡಿಸಲುಗಳಲ್ಲಿ ಕನ್ನಡ ಮಾತಾಡುವಾಕೆ ಯಾರು ಅಂತ ಕೇಳಿ ಹುಸೇನ್ ಸುದ್ದಿ ಮುಟ್ಟಿಸಿದ್ದ. ಗಂಗವ್ವ ಕೇಳಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳಂತೆ. ಲಾಂಚಿನ ಹತ್ತಿರ ಬರುತ್ತೇನೆ ಅಂದಿದ್ದಾಳೆ. ಇದನ್ನು ಸುಶೀಲಾಬಾಯಿಗೆ ಹೇಳಿದೆ. ಬಸ್ಸಿನಲ್ಲಿ ಆಕೆ ಶೇಂಗಾ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ವಿಜಯಪುರಿಗೆ ಮುಟ್ಟಿದಾಗ ದಂಡೆಯಲ್ಲಿ ಯಾವುದೋ ಸಾಲೆಯ ಮಕ್ಕಳ ಗದ್ದಲ. ಲಾಂಚು ಬೇಗ ತುಂಬಿತು, ವೇಳೆಗೆ ಮೊದಲೇ ಬಿಡುತ್ತೇವೆ ಅಂತ ಕೂಗಿದರು. ಗಂಗವ್ವನ ಸುಳಿವಿಲ್ಲ. ಸುಶೀಲಾಬಾಯಿ ಹಲಗೆಯ ಮೇಲೆ ಒಂದು ಕಾಲಿಟ್ಟು ರಸ್ತೆಯ ಕಡೆಗೇ ನೋಡುತ್ತಿದ್ದಳು. ಹಿಂದೆಯೇ ಇನ್ನೊಂದು ಲಾಂಚು ಬರುತ್ತದೆ, ಅಕ್ಕ ಅದರಲ್ಲಿ ಬರಬಹುದು ಅಂದೆ. ಉಳಿದರೆ ಗಂಡನ ಮಗ್ಗುಲಲ್ಲೇ ನಿಲ್ಲಬೇಕು, ಅಕ್ಕ ಬಂದರೆ ಎಲ್ಲ ಬಯಲಾಗುತ್ತದೆ. ಹತ್ತಿದಳು. ಸಾವಕಾರರು ಚಹಾ ಅಂಗಡಿಯ ಬೆಂಚಿನ ಮೇಲಿಂದ ಕೈ ಎತ್ತಿ, "ಸುಶೀಲಾ, ನಡುವ ಕೂಡು, ಅಂಚಿಗೆ ಹೋಗಬ್ಯಾಡ" ಅಂತ ಕೂಗಿದರು.

ದ್ವೀಪದಲ್ಲಿ ಎರಡನೆಯ ಲಾಂಚು ಬಂತು. ಇಳಿದವರಲ್ಲಿ ಗಂಗವ್ವ ಇರಲಿಲ್ಲ. ಸುಶೀಲಾಬಾಯಿ ನಮ್ಮ ಗುಂಪಿನ ಹಿಂದೆ ಹಿಂದೆ ನಡೆದಳು. ವಸ್ತುಸಂಗ್ರಹಾಲಯದಲ್ಲಿ ಗೈಡು ಒಂದು ಕಂಬದ ಬರಹ ತೋರಿಸಿ, ಇದನ್ನು ಮಾಡಿಸಿದ್ದು ರಾಜನ ಮನೆತನದ ಹೆಣ್ಣುಮಗಳು, ಆಕೆಯ ಹೆಸರು ಇಲ್ಲಿ ಕೊರೆದಿದೆ ಅಂತ ಹಿಂದಿಯಲ್ಲಿ ಹೇಳಿದ. ಸುಶೀಲಾಬಾಯಿ ನನ್ನನ್ನು ಕೇಳಿದಳು: "ಅದು ತವರಮನಿ ಹೆಸರೋ, ಗಂಡನ ಮನಿದೋ, ಕೇಳ್ರಿ."

ಕೇಳಿದೆ. ಗೈಡು ನಕ್ಕ. ಕಲ್ಲಿನಲ್ಲಿ ಇರುವುದು ಒಂದೇ ಹೆಸರು ಅಂದ. ಆಕೆ ಆ ಅಕ್ಷರಗಳನ್ನು ಒಂದು ಸಲ ಮುಟ್ಟಿ ಮುಂದೆ ನಡೆದಳು.

ತಿರುಗಿ ಬಂದಾಗಲೂ ದಂಡೆಯಲ್ಲಿ ಯಾರೂ ಇರಲಿಲ್ಲ. ಬಸ್ಸು ಹೊರಟಿತು. ಸೂರ್ಯ ಇಳಿಯುತ್ತಿದ್ದ. ಹೋಳಿಗೆಯ ಡಬ್ಬಿ ಹಾಗೇ ಇತ್ತು. ಸಾವಕಾರರು ದಿನವಿಡೀ ಸುಮ್ಮನೆ ಕುಳಿತವರು, ಮಾತಿಗೆ ಹಸಿದಿದ್ದರು.

"ನೀವೆಲ್ಲಾ ಆಕಡೆ ಹೋದ್ರಿ, ಈಕಡೆ ಒಬ್ಬಾಕಿ ಬಂದಳ ನೋಡ್ರಿ ಪಾಪ. ಓಡಿ ಬಂದು ಏದುಸಿರು ಬಿಡಾಕತ್ತಿದ್ದಳು. ಮಾತು ಅರ್ಧ ತೆಲಗು, ಅರ್ಧ ನಮ್ಮದು. 'ಅಕ್ಕಲಕೋಟಿ ಮಂದಿ ನೀವೇನ್ರಿ? ತುಂಗವ್ವ ಬಂದಾಳೇನ್ರಿ?' ಅಂದ್ಳು. ನಮ್ಮಲ್ಲಿ ತುಂಗವ್ವ ಯಾರೂ ಇಲ್ಲ ತಂಗೀ ಅಂದೆ. ಆದ್ರೂ ಒಂದು ಮಾತು ಇರಲಿ ಅಂತ ದಂಡಿಮ್ಯಾಲ ಉಳದಿದ್ದ ನಮ್ಮ ಮುದುಕರನ್ನೆಲ್ಲಾ ಕೇಳಿದೆ. ಅವ್ರೂ ಇಲ್ಲ ಅಂದ್ರು. ನೀರು ಕುಡಿಸಿದೆ. ಬ್ಯಾರೆ ಯಾತ್ರಿ ಇರಬೇಕವ್ವಾ, ಇದರಾಗಿಲ್ಲ ಅಂತ ತಿಳಿಸಿ ಹೇಳಿದೆ. ಭಾಳೊತ್ತು ಬಿಸಿಲಾಗ ನಿಂತ್ಳು. ಇವತ್ತ ಸಂಜಿಗೆ ಅವರ ಮಂದಿದೆಲ್ಲಾ ಲಾರಿ ಹೊಂಟೈತಂತ. ಇಲ್ಲೆ ಕೆಲಸ ತೀರೇತಂತ."

ಸುಶೀಲಾಬಾಯಿ ಕಿಟಕಿಯಿಂದ ಮುಖ ತಿರುಗಿಸಿದಳು. "ಎಲ್ಲಿಗೆ ಹೊಂಟೈತಂತ?"

"ಅದನ್ನ ನಾ ಕೇಳಲಿಲ್ಲ."

"ಏನ್ ಉಟ್ಟಿದ್ದಳು?"

"ಹಸರ ಸೀರಿ ಅನಸ್ತೈತಿ. ಯಾಕ?"

ಆಕೆ ಬಹಳ ಮೆಲ್ಲಗೆ ಅಂದಳು: "ತುಂಗವ್ವ ಅಂದ್ರ ನಾನs ಅಲ್ಲೇನ್ರಿ."

ಸಾವಕಾರರು ಮೊದಲು ನಕ್ಕರು. ಹೆಂಡತಿ ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡರು. ಆಮೇಲೆ ಅವರ ಬಲಗೈ ತಾನೇ ಎಡಗೈಯ ಉಂಗುರದ ಕಡೆ ಹೋಯಿತು. ಲಗ್ನದಲ್ಲಿ, ಅಕ್ಕಿಯಲ್ಲಿ ಬರೆಯುವ ಮುಂಚೆ, ಅಯ್ಯನವರು ಒಂದು ಸಲ ಆ ಹೆಸರು ಹೇಳಿರಬೇಕು. ಅದನ್ನು ಕೇಳಿದ್ದು ಅಷ್ಟೇ. ಮತ್ತೆ ಯಾವತ್ತೂ ಬಾಯಿಗೆ ಬಂದದ್ದಲ್ಲ.

ಉಳಿದದ್ದನ್ನು ಆಕೆ ಅಲ್ಲೇ, ಬಸ್ಸಿನ ಮಂದಿಯ ನಡುವೆಯೇ ಹೇಳಿದಳು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಮಾವ ಸುಳ್ಳು ಹೇಳಿ ಲಗ್ನ ಮಾಡಿಕೊಟ್ಟ ಅಂತ ಸಾವಕಾರರು ಸಿಟ್ಟಿಗೇಳುತ್ತಾರೆ ಅಂತ ನಾನು ಕಾದೆ. ಅವರು ಎದ್ದು ನಿಂತು, "ಬಸ್ ತಿರಗಸ್ರಿ" ಅಂದರು.

ಮೂವತ್ತು ಮಂದಿಯ ಬಸ್ಸು ತಿರುಗುವುದಿಲ್ಲ. ಈ ದಂಧೆಯಲ್ಲಿ ಇಂಥ ಹೊತ್ತು ಬಂದೇ ಬರುತ್ತದೆ, ಆಗ ಗದ್ದಲ ಮಾಡಬೇಡಿ, ದಾರಿ ಹುಡುಕಿ. ಮುಂದಿನ ಊರಿನಲ್ಲಿ ಉಳಿದವರನ್ನು ಅಡಿಗೆಯವನ ಸುಪರ್ದಿಗೆ ಕೊಟ್ಟು, ದಂಪತಿಯನ್ನು ಕರೆದುಕೊಂಡು ನಾನು ಇಳಿದೆ. ತಿರುಗಿ ಹೋಗುವ ಒಂದು ಸಿಮೆಂಟಿನ ಲಾರಿ ಸಿಕ್ಕಿತು. ಬಾಡಿಗೆಗೆ ಸಾವಕಾರರು ಚೌಕಾಸಿ ಮಾಡಲಿಲ್ಲ. ಅವರನ್ನು ಹಾಗೆ ನಾನು ನೋಡಿದ್ದು ಅದೊಂದೇ ಸಲ.

ಬೆಳಗ್ಗೆ ಗುಡಿಸಲುಗಳ ಜಾಗಕ್ಕೆ ಹೋದೆವು. ತಟ್ಟಿಗಳನ್ನು ಕಿತ್ತು ಒಯ್ದಿದ್ದರು. ಕಟ್ಟಿಗೆ ಆರಿಸುತ್ತಿದ್ದ ಒಬ್ಬ ಮುದುಕಿ ಹೇಳಿದಳು: ಎರಡು ಲಾರಿ ಹೋದವು, ಒಂದು ಶ್ರೀಶೈಲದ ಹೊಸ ಅಣೆಕಟ್ಟಿಗೆ, ಒಂದು ಬೇರೆ ಎಲ್ಲಿಗೋ. ಆ ಕನ್ನಡದಾಕೆ ಲಾರಿ ಹತ್ತಿದವಳು ಮತ್ತೆ ಇಳಿದು ಲಾಂಚಿನ ಕಡೆಗೆ ಹೋದಳು. ತಿರುಗಿ ಬಂದು ಹತ್ತಿದಳೋ ಇಲ್ಲವೋ ತನಗೆ ಕಾಣಲಿಲ್ಲ.

ಆ ಒಂದು ಮಾತು ಹಿಡಿದುಕೊಂಡು ಸಾವಕಾರರು ದಂಡೆಗೆ ನಡೆದರು. ಟಿಕೀಟಿನವನನ್ನು, ಚಹಾದವನನ್ನು, ಲಾಂಚಿಗೆ ಬಂದ ಮಂದಿಯನ್ನೆಲ್ಲ ಕೇಳಿದರು. "ತುಂಗವ್ವನ್ನ ಹುಡುಕ್ಕೋತ ಯಾರರ ಬಂದಿದ್ರೇನ್ರಿ? ತುಂಗವ್ವ ಬಂದಾಳ್ರಿ, ಇಲ್ಲೇ ಅದಾಳ." ಕನ್ನಡ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಕೇಳುವುದನ್ನು ಬಿಡಲಿಲ್ಲ. ಆಮೇಲೆ, ಆಕೆ ಕೊಂಡದಲ್ಲಿ ಉಳಿದಿರಬಹುದು, ತಂಗಿಯನ್ನು ಅಲ್ಲಿಯೇ ಹುಡುಕುತ್ತಿರಬಹುದು ಅಂದರು. ನಾನು ಹೋಗಿ ನೋಡಿ ಬರುತ್ತೇನೆ, ನೀವು ಕೂಡಿರಿ ಅಂದೆ.

"ನಿಮಗ ಆಕಿ ಮಾರಿ ಗೊತ್ತಿಲ್ಲ. ನಿನ್ನಿ ಆಕಿನ್ನ ನೋಡಿದಾಂವ ನಾ ಒಬ್ಬನs."

ಲಾಂಚಿನಲ್ಲಿ ಅವರು ನಡುವಿನ ಕಂಬವನ್ನು ಎರಡೂ ಕೈಯಿಂದ ತಬ್ಬಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ದ್ವೀಪದಲ್ಲಿ ಇಳಿದಾಗ ಅಂಗಿ ಬೆವರಿಗೆ ತೊಯ್ದಿತ್ತು. ಆ ಪುರಾತನ ಕಟ್ಟೆಗಳ ನಡುವೆ ಒಂದೊಂದನ್ನೂ ಸುತ್ತಿ, 'ಗಂಗವ್ವಾ, ಗಂಗವ್ವಾ' ಅಂತ ಕರೆಯುತ್ತ ನಡೆದರು. ಹಿಂದಿನ ದಿನದ ಗೈಡು ನನ್ನನ್ನು ಗುರುತಿಸಿ ಏನಾಯಿತು ಅಂತ ಕೇಳಿದ. ನಾನು ಹೇಳಲಿಲ್ಲ. ಸುಶೀಲಾಬಾಯಿ ಇಳಿಯುವ ಮೆಟ್ಟಿಲ ಹತ್ತಿರವೇ ಕುಳಿತಿದ್ದಳು. ಕೊನೆಯ ಲಾಂಚಿಗೆ ಕರೆದಾಗ ಆಕೆಯೇ ಎದ್ದು ಹೋಗಿ ಗಂಡನ ತೋಳು ಹಿಡಿದು, "ಸಾಕು ಬರ್ರಿ" ಅಂದಳು.

ಆಮೇಲೆ ನಾನು ಹುಡುಕದೆ ಬಿಡಲಿಲ್ಲ. ಹುಸೇನ್ ಶ್ರೀಶೈಲದ ಕೆಲಸದ ಜಾಗಕ್ಕೇ ಹೋಗಿ ಕೇಳಿದ. ಅಣೆಕಟ್ಟಿನ ಮಂದಿ ನೀರಿನ ಹಾಗೆ, ಒಂದು ಕಡೆ ಕಟ್ಟಿ ಮುಗಿಸಿದರೆ ಇನ್ನೊಂದು ಕಡೆ ಹರಿಯುತ್ತಾರೆ. ಗಂಗವ್ವ ಅನ್ನುವ ಹೆಸರೂ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡನ ಕಡೆಯವರು ಆಕೆಯನ್ನು ಏನೆಂದು ಕರೆಯುತ್ತಿದ್ದರೋ, ಅದು ನಮಗೆ ಗೊತ್ತಿರಲಿಲ್ಲ.

ನನ್ನ ಅಂಗಡಿಯಲ್ಲಿ ಆ ವರ್ಷದಿಂದ ಹೆಣ್ಣುಮಕ್ಕಳ ತವರಿನ ಹೆಸರನ್ನೂ ಕೇಳುವ ಪದ್ಧತಿ ಹಾಕಿದೆ. ಗಂಡಸರು ಬೇಸರಪಡುತ್ತಿದ್ದರು. "ಯಾತ್ರಿಗೆ ಹೊಂಟೀವೋ, ಹೊಸಾ ಸಂಬಂಧ ನೋಡಾಕ ಹೊಂಟೀವೋ?" ಅಂತ ಚೇಷ್ಟೆ ಮಾಡುತ್ತಿದ್ದರು. ಎಷ್ಟೋ ಜನ ಹೆಂಡತಿಯ ಕಡೆ ತಿರುಗಿ, "ಏನಿತ್ತs ನಿನ್ನ ಹೆಸರು?" ಅಂತ ಕೇಳಿದ್ದನ್ನು ನಾನು ನೋಡಿದ್ದೇನೆ. ನೀವೂ ಕೇಳಿ. ದಂಡೆಯಲ್ಲಿ ಯಾರು ಯಾರನ್ನು ಹುಡುಕಿಕೊಂಡು ಬರುತ್ತಾರೆ ಅನ್ನುವುದು ನಮ್ಮ ಕೈಯಲ್ಲಿಲ್ಲ.

ಆ ಯಾತ್ರೆಯಿಂದ ತಿರುಗಿ ಬರುವ ರೈಲಿನಲ್ಲಿ ನಾವು ಮೂವರೇ ಎದುರುಬದುರು ಕುಳಿತಿದ್ದೆವು. ವಾಡಿ ದಾಟಿತ್ತು. ಸಾವಕಾರರು ಹೆಂಡತಿಯ ಮುಖ ನೋಡದೆ ಕೇಳಿದರು: "ಇನ್ನಮ್ಯಾಲ ತುಂಗವ್ವ ಅಂತನs ಕರೀಲೇನ ನಿನಗ?"

ಆಕೆ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ. ಸುಶೀಲಾನs ಅನ್ರಿ. ತುಂಗವ್ವ ಅಂತ ಕರಿಯಾಕ ಒಬ್ಬಾಕಿ ಬಂದಿದ್ದಳು. ಆಕಿಗೆ ಇಲ್ಲ ಅಂತ ಹೇಳಿ ಕಳಿಸ್ಯಾಗೇತಿ."